ಹೆರಿಗೆಯ ಸಣ್ಣ ಗಾಯಕ್ಕೆ ಯಾವ ಹೊಲಿಗೆ, ಯಾವ ದಾರ?

ಹೆರಿಗೆ ವಾರ್ಡಿನ ಹೊರಗೆ ಕಾದು ಕೂತವರು ಕೇಳುವ ಪ್ರಶ್ನೆಗಳು ಎಲ್ಲ ಊರಲ್ಲೂ ಹೆಚ್ಚುಕಡಿಮೆ ಅವೇ. ಗಂಡೋ ಹೆಣ್ಣೋ, ತೂಕ ಎಷ್ಟು, ನಾರ್ಮಲ್ಲೋ ಸಿಸೇರಿಯನ್ನೋ. ನಾರ್ಮಲ್ ಅಂತ ಗೊತ್ತಾದ ಮೇಲೆ ಹೆಂಗಸರು ದನಿ ತಗ್ಗಿಸಿ ಇನ್ನೊಂದು ಕೇಳುತ್ತಾರೆ: ‘ಎಷ್ಟು ಹೊಲಿಗೆ ಬಿತ್ತಂತೆ?’ ಮೂರು ಅಂದರೆ ಪುಣ್ಯ, ಎಂಟು ಅಂದರೆ ಅಯ್ಯೋ ಪಾಪ. ಅಲ್ಲಿಗೆ ಆ ಮಾತು ಮುಗಿಯಿತು. ಮುಂದಿನ ಆರು ವಾರ ಬಾಣಂತಿ ಹೇಗೆ ಕೂರುತ್ತಾಳೆ, ಹೇಗೆ ಶೌಚಕ್ಕೆ ಹೋಗುತ್ತಾಳೆ, ಮಗುವಿಗೆ ಹಾಲು ಕೊಡಲು ಯಾವ ಮಗ್ಗುಲಿಗೆ ಒರಗುತ್ತಾಳೆ ಎಂದು ಯಾರೂ ಕೇಳುವುದಿಲ್ಲ.

ಹೊಲಿಗೆಯ ಎಣಿಕೆಯಿಂದ ಗಾಯದ ಬಗ್ಗೆ ತಿಳಿಯುವುದು ಬಹಳ ಕಡಿಮೆ. ಒಂದೇ ದಾರವನ್ನು ಕತ್ತರಿಸದೆ ಮೊದಲಿಂದ ಕೊನೆಯವರೆಗೆ ಎಳೆದುಕೊಂಡು ಹೋದರೆ ಎಣಿಸುವುದಕ್ಕೆ ಹೊಲಿಗೆಗಳೇ ಇರುವುದಿಲ್ಲ. ಗಾಯ ಎಷ್ಟು ಆಳ, ಯಾವ ದಾರ, ಎಂಥ ಹೊಲಿಗೆ, ಮರಗಟ್ಟಿಸಿ ಹೊಲಿದರೋ ಹಾಗೆಯೇ ಹೊಲಿದರೋ, ಹೊಲಿಯುವ ಮೊದಲು ಸರಿಯಾಗಿ ನೋಡಿದರೋ ಇಲ್ಲವೋ, ನೋವು ಎಷ್ಟು ದಿನ ಉಳಿಯುತ್ತದೆ ಎಂಬುದು ಬಹುಪಾಲು ಇವುಗಳ ಮೇಲೆ ನಿಂತಿದೆ. ಈ ಪ್ರಶ್ನೆಗಳಲ್ಲಿ ಹಲವಕ್ಕೆ ವೈದ್ಯಶಾಸ್ತ್ರದ ಬಳಿ ಉತ್ತರವಿದೆ. ಕೆಲವಕ್ಕೆ ಇಪ್ಪತ್ತು ವರ್ಷಗಳ ಹಿಂದೆಯೇ ಸಿಕ್ಕಿದೆ. ಆ ಉತ್ತರಗಳು ದುಬಾರಿಯೂ ಅಲ್ಲ. ಆದರೂ ನಮ್ಮ ಎಷ್ಟೋ ಹೆರಿಗೆ ಕೋಣೆಗಳಲ್ಲಿ ಇದನ್ನೆಲ್ಲ ತೀರ್ಮಾನಿಸುವುದು ಎರಡೇ ಸಂಗತಿ: ಸ್ಟೋರಿನಲ್ಲಿ ಏನಿದೆ, ಹೊಲಿಯುವವರು ಯಾರ ಕೈಕೆಳಗೆ ಕಲಿತರು.

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಹೆರಿಗೆ ಆರೈಕೆಯ ಗುಣಮಟ್ಟ ರಾಜ್ಯದಲ್ಲಿ ದೊಡ್ಡ ಚರ್ಚೆಯಾಯಿತು. ಆಗಬೇಕಾದ್ದೇ. ಆದರೆ ಸಾವಿನ ಲೆಕ್ಕ ಇಡುವ ವ್ಯವಸ್ಥೆ ನೋವಿನ ಲೆಕ್ಕ ಇಡುವುದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ (2019–21) ಪ್ರಕಾರ ಕರ್ನಾಟಕದಲ್ಲಿ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತವೆ. ಸಿಸೇರಿಯನ್ ಪ್ರಮಾಣ ಶೇ 31.5. ಅಂದರೆ ಮೂರರಲ್ಲಿ ಇಬ್ಬರು ತಾಯಂದಿರು ಯೋನಿಮಾರ್ಗದಲ್ಲೇ ಹೆರುತ್ತಾರೆ. ಅವರಲ್ಲಿ ದೊಡ್ಡ ಪಾಲಿಗೆ ಒಂದಲ್ಲ ಒಂದು ಗಾಯ ಆಗುತ್ತದೆ. ಇಂಥ ಲೆಕ್ಕವನ್ನು ಚೆನ್ನಾಗಿ ಇಟ್ಟಿರುವ ಬ್ರಿಟನ್ನಿನಲ್ಲಿ ಯೋನಿಮಾರ್ಗದಲ್ಲಿ ಹೆತ್ತವರಲ್ಲಿ ಸುಮಾರು ಶೇ 85ರಷ್ಟು ಮಂದಿಗೆ ಸ್ವಲ್ಪವಾದರೂ ಗಾಯವಾಗುತ್ತದೆ, ಶೇ 60ರಿಂದ 70ರಷ್ಟು ಮಂದಿಗೆ ಹೊಲಿಗೆ ಬೀಳುತ್ತದೆ ಎಂಬುದು ಬಹುಕಾಲದಿಂದ ಉಲ್ಲೇಖಗೊಳ್ಳುತ್ತಿರುವ ಅಂದಾಜು.

ಯೋನಿಗೂ ಗುದದ್ವಾರಕ್ಕೂ ನಡುವಿನ ಭಾಗವನ್ನು ವೈದ್ಯರು ಪೆರಿನಿಯಂ ಅನ್ನುತ್ತಾರೆ. ಮಗುವಿನ ತಲೆ ಹೊರಬರುವಾಗ ಹಿಗ್ಗಿ ಹಿಗ್ಗಿ ಹರಿಯುವುದು ಇದೇ. ಚರ್ಮ ಅಥವಾ ಯೋನಿಯ ಒಳಪದರ ಮಾತ್ರ ಹರಿದರೆ ಮೊದಲ ದರ್ಜೆ. ಅದರ ಕೆಳಗಿನ ಸ್ನಾಯುವೂ ಹರಿದರೆ ಎರಡನೇ ದರ್ಜೆ. ಗುದದ್ವಾರವನ್ನು ಬಿಗಿಹಿಡಿಯುವ ಉಂಗುರದಂಥ ಸ್ನಾಯುವಿಗೆ ಪೆಟ್ಟಾದರೆ ಮೂರನೆಯದು; ಹರಿದದ್ದು ಗುದದ ಒಳಪದರದವರೆಗೂ ಹೋದರೆ ನಾಲ್ಕನೆಯದು. ಕತ್ತರಿ ಹಾಕುವುದು, ಅಂದರೆ ಎಪಿಸಿಯಾಟಮಿ, ಆಳದ ಲೆಕ್ಕದಲ್ಲಿ ಎರಡನೇ ದರ್ಜೆಗೆ ಸಮ. ಈ ಲೇಖನದ ವಿಷಯ ಮೊದಲೆರಡು ದರ್ಜೆ. ಹೆರಿಗೆ ಕೋಣೆಯ ಭಾಷೆಯಲ್ಲಿ ಇವು ‘ಮೈನರ್ ಟೇರ್’. ಕೂರಲಾರದೆ ಒದ್ದಾಡುವವಳಿಗೆ ಅದು ಎಷ್ಟು ಮೈನರ್ ಎಂಬುದು ಬೇರೆ ಮಾತು.

ಗಾಯವನ್ನು ‘ಸಣ್ಣದು’ ಅನ್ನುವ ಮೊದಲು ಅದು ಸಣ್ಣದೇ ಎಂದು ಖಚಿತವಾಗಬೇಕು. ಹೊಲಿಗೆಯ ವಿಷಯದಲ್ಲಿ ಅತಿ ದೊಡ್ಡ ತಪ್ಪು ನಡೆಯುವುದು ಸೂಜಿ ಕೈಗೆತ್ತಿಕೊಳ್ಳುವ ಮುಂಚೆಯೇ. ಲಂಡನ್ನಿನ ದಕ್ಷಿಣಕ್ಕಿರುವ ಕ್ರಾಯ್ಡನ್‌ನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಬಿಡಿಸಿ ತೋರಿಸಿತು. ಮೊದಲ ಬಾರಿ ಯೋನಿಮಾರ್ಗದಲ್ಲಿ ಹೆತ್ತ 241 ಮಹಿಳೆಯರನ್ನು ಹೆರಿಗೆ ಮಾಡಿಸಿದವರು ಒಮ್ಮೆ ಪರೀಕ್ಷಿಸಿದರು, ಬಳಿಕ ಹೊಲಿಗೆಗೆ ಮೊದಲೇ ತರಬೇತಾದ ಇನ್ನೊಬ್ಬ ವೈದ್ಯರು ನೋಡಿದರು. ಮೊದಲ ಪರೀಕ್ಷೆಯಲ್ಲಿ ಗುದದ ಸ್ನಾಯುವಿಗೆ ಪೆಟ್ಟಾಗಿದೆ ಎಂದು ಗುರುತಾದದ್ದು ಶೇ 11ರಷ್ಟು ಮಂದಿಯಲ್ಲಿ. ಎರಡನೇ ಪರೀಕ್ಷೆಯಲ್ಲಿ ಅದು ಶೇ 24.5ಕ್ಕೆ ಏರಿತು. ಕಣ್ಣಿಗೆ ಕಾಣದಷ್ಟು ಆಳದಲ್ಲಿ ಅಡಗಿದ್ದ ಗಾಯಗಳು ಬೆರಳೆಣಿಕೆಯಷ್ಟು. ಮಿಕ್ಕವು ಸರಿಯಾಗಿ ನೋಡಿದ್ದರೆ ಕಾಣುತ್ತಿದ್ದವು. ಕಾಣದೆ ಹೋದರೆ ಮೇಲಿನ ಚರ್ಮ ಚೆಂದಾಗಿ ಕೂಡಿಕೊಳ್ಳುತ್ತದೆ, ಒಳಗಿನ ಉಂಗುರ ತುಂಡಾಗಿಯೇ ಉಳಿಯುತ್ತದೆ. ತಿಂಗಳುಗಳ ಬಳಿಕ ಗಾಳಿ ತಡೆಯಲಾಗುವುದಿಲ್ಲ, ಮಲ ತಡೆಯಲಾಗುವುದಿಲ್ಲ. ನಾಚಿಕೆಗೆ ಯಾರಲ್ಲೂ ಹೇಳಿಕೊಳ್ಳುವುದೂ ಇಲ್ಲ.

ಇದಕ್ಕೆ ಬೇಕಾದ ಉಪಕರಣ ಒಂದು ಬೆರಳು, ಒಂದು ಗ್ಲೌಸು, ಒಳ್ಳೆಯ ಬೆಳಕು. ತಾಯಿಗೆ ಹೇಳಿ, ಒಪ್ಪಿಗೆ ಪಡೆದು, ಗುದದ್ವಾರದೊಳಗೆ ಬೆರಳಿಟ್ಟು ಸ್ನಾಯುವಿನ ಉಂಗುರ ಸುತ್ತಲೂ ಅಖಂಡವಾಗಿದೆಯೇ ಎಂದು ಮುಟ್ಟಿ ನೋಡಬೇಕು. ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ ಹೊಲಿಗೆಗೆ ಮೊದಲೂ, ಹೊಲಿದ ಬಳಿಕವೂ ಈ ಪರೀಕ್ಷೆ ಬೇಕು ಅನ್ನುತ್ತದೆ. ಬಳಿಕ ಏಕೆಂದರೆ, ಸೂಜಿ ಆಳಕ್ಕೆ ಇಳಿದು ಗುದದ ಒಳಪದರಕ್ಕೆ ದಾರ ಸಿಕ್ಕಿಕೊಂಡಿರಬಹುದು. ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಇರುವ ನಮ್ಮ ಹೆಣ್ಣುಮಕ್ಕಳಿಗೆ ಇಲ್ಲೊಂದು ಮಾತು: ಗುದದ ಸ್ನಾಯು ಹರಿಯುವ ಅಪಾಯ ಹೆಚ್ಚಿರುವವರ ಪಟ್ಟಿಯಲ್ಲಿ ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜು ಏಷ್ಯಾ ಮೂಲದವರನ್ನೂ, ಚೊಚ್ಚಲ ಹೆರಿಗೆಯನ್ನೂ ಸೇರಿಸಿದೆ. ಅಲ್ಲಿ ಹೆರುವವರು ಈ ಪರೀಕ್ಷೆ ಆಯಿತೇ ಎಂದು ಕೇಳಿದರೆ ಅದು ಅಧಿಕಪ್ರಸಂಗವಲ್ಲ.

ಇನ್ನು ಮೊದಲ ಪ್ರಶ್ನೆ: ಹೊಲಿಗೆ ಬೇಕೇ?

ಎರಡನೇ ದರ್ಜೆಯ ಗಾಯದಲ್ಲಿ ಹರಿದ ಸ್ನಾಯುವನ್ನು ಹೊಲಿಯಬೇಕು ಎಂಬುದು ಈಗ ಹೆಚ್ಚುಕಡಿಮೆ ಎಲ್ಲೆಡೆಯ ಒಪ್ಪಿತ ನಿಲುವು. ಮೊದಲ ದರ್ಜೆಯದ್ದರಲ್ಲೇ ಭಿನ್ನಾಭಿಪ್ರಾಯ. ವಿಶ್ವ ಆರೋಗ್ಯ ಸಂಸ್ಥೆ ವೈದ್ಯರಿಗೂ ಸೂಲಗಿತ್ತಿಯರಿಗೂ ಕೊಟ್ಟಿರುವ ಕೈಪಿಡಿ, ಮೊದಲ ದರ್ಜೆಯ ಬಹುತೇಕ ಗಾಯಗಳು ಹೊಲಿಗೆಯಿಲ್ಲದೆ ತಾವಾಗಿಯೇ ಕೂಡುತ್ತವೆ ಅನ್ನುತ್ತದೆ. ನೈಸ್ ಸ್ವಲ್ಪ ಬಿಗಿ: ಚರ್ಮದ ಅಂಚುಗಳು ತಾವಾಗಿಯೇ ಒಂದಕ್ಕೊಂದು ತಾಗಿಕೊಂಡಿದ್ದರೆ ಬಿಡಿ, ಇಲ್ಲದಿದ್ದರೆ ಹೊಲಿಯಿರಿ. ಹಿಂದೆ ಮನೆಯಲ್ಲೇ ಹೆರಿಗೆ ಆಗುತ್ತಿದ್ದ ಕಾಲದಲ್ಲಿ ಸೂಲಗಿತ್ತಿಯ ಬಳಿ ಕ್ರಿಮಿರಹಿತ ದಾರವೂ ಇರಲಿಲ್ಲ, ಸೂಜಿಯೂ ಇರಲಿಲ್ಲ; ಸಣ್ಣ ಗಾಯಗಳು ಹಾಗೆಯೇ ಮಾಯುತ್ತಿದ್ದವು. ದೊಡ್ಡವು ಮಾಯದೆ ಉಳಿದು ಹೆಂಗಸರು ಜೀವನವಿಡೀ ಅನುಭವಿಸುತ್ತಿದ್ದರು ಎಂಬುದನ್ನೂ ಜೊತೆಗೇ ನೆನೆಯಬೇಕು. ಹಳೆಯದೆಲ್ಲ ಒಳ್ಳೆಯದು ಅನ್ನುವವರು ಎರಡನೆಯದನ್ನು ಮರೆಯುತ್ತಾರೆ.

ಹೊಲಿಯುವುದು, ಹಾಗೇ ಬಿಡುವುದು ಎರಡನ್ನೂ ನೇರವಾಗಿ ಹೋಲಿಸಿದ ಒಳ್ಳೆಯ ಅಧ್ಯಯನಗಳು ಆಶ್ಚರ್ಯವಾಗುವಷ್ಟು ಕಡಿಮೆ. ಒಂದೇ ವಿಷಯದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ತೂಗುವ ಕಾಕ್ರೇನ್ ಸಂಸ್ಥೆಯ 2011ರ ಪರಾಮರ್ಶೆಗೆ ಸಿಕ್ಕಿದ್ದು ಸ್ವೀಡನ್ನಿನದೊಂದು, ಸ್ಕಾಟ್ಲೆಂಡಿನದೊಂದು, ಎರಡೇ ಅಧ್ಯಯನ. ಎರಡೂ ಸೇರಿ 154 ಮಹಿಳೆಯರು. ನೋವಿನಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಆದರೆ ಸ್ಕಾಟ್ಲೆಂಡಿನಲ್ಲಿ ಆರು ವಾರಕ್ಕೆ ನೋಡಿದಾಗ ಹೊಲಿದವರ ಗಾಯದ ಅಂಚುಗಳು ಚೆನ್ನಾಗಿ ಕೂಡಿದ್ದವು, ಬಿಟ್ಟವರಲ್ಲಿ ಬಾಯಿ ಬಿಟ್ಟುಕೊಂಡದ್ದು ಹೆಚ್ಚು. 154 ಜನರ ಮೇಲೆ ದೊಡ್ಡ ತೀರ್ಮಾನ ಕಟ್ಟಲಾಗದು ಎಂದು ಪರಾಮರ್ಶಕರೇ ಹೇಳಿದರು. ಹಾಗಾಗಿ ಮೊದಲ ದರ್ಜೆಯ, ರಕ್ತ ಜಿನುಗದ, ಅಂಚು ಕೂಡಿರುವ ಗಾಯಕ್ಕೆ ‘ಬಿಡೋಣವೇ, ಹೊಲಿಯೋಣವೇ’ ಎಂದು ತಾಯಿಯನ್ನೇ ಕೇಳುವುದಕ್ಕೆ ಜಾಗವಿದೆ. ನಮ್ಮಲ್ಲಿ ಕೇಳುವ ರೂಢಿ ಇಲ್ಲ, ಅಷ್ಟೇ.

ಎರಡನೆಯ ಪ್ರಶ್ನೆ, ಹೇಗೆ ಹೊಲಿಯಬೇಕು ಎಂಬುದು. ಇದರಲ್ಲೇ ಎದ್ದು ಕಾಣುವಷ್ಟು ಸಾಕ್ಷ್ಯವಿದೆ.

ಹಳೆಯ ಕ್ರಮ ಮೂರು ಹಂತದ್ದು. ಯೋನಿಯ ಒಳಪದರವನ್ನು ಕೊಕ್ಕೆ ಹಾಕುತ್ತಾ ಒಂದೇ ಸಮನೆ ಹೊಲಿಯುವುದು, ಸ್ನಾಯುವಿಗೆ ಬಿಡಿಬಿಡಿಯಾಗಿ ಮೂರ್ನಾಲ್ಕು ಹೊಲಿಗೆ ಹಾಕಿ ಪ್ರತಿಯೊಂದಕ್ಕೂ ಗಂಟು ಬಿಗಿಯುವುದು, ಕೊನೆಗೆ ಚರ್ಮಕ್ಕೂ ಹಾಗೆಯೇ ಬಿಡಿ ಹೊಲಿಗೆ. ಚರ್ಮದ ಮೇಲಿನ ಆ ಗಂಟುಗಳೇ ನಮ್ಮ ಹೆಂಗಸರು ಎಣಿಸುವ ಹೊಲಿಗೆಗಳು. ಹೊಸ ಕ್ರಮದಲ್ಲಿ ದಾರ ಒಂದೇ. ಗಾಯದ ಒಳತುದಿಗಿಂತ ಒಂದು ಸೆಂಟಿಮೀಟರಿನಷ್ಟು ಮೇಲೆ ಮೊದಲ ಹೊಲಿಗೆ ಹಾಕಿ ಗಂಟು ಬಿಗಿಯುತ್ತಾರೆ. ಅಲ್ಲಿ ಒಳಸರಿದ ರಕ್ತನಾಳವಿದ್ದರೆ ಅದೂ ಸಿಕ್ಕಿಬೀಳಲಿ ಎಂದು. ಅಲ್ಲಿಂದ ಕೌದಿ ಹೊಲಿಯುವವರು ದಾರ ಎಳೆಯುತ್ತಾ ಹೋಗುವ ಹಾಗೆ, ಕೊಕ್ಕೆ ಹಾಕದೆ, ಒಳಪದರ ಹೊಲಿದು, ಅದೇ ದಾರದಲ್ಲಿ ಸ್ನಾಯುವಿಗಿಳಿದು, ಅದೇ ದಾರದಲ್ಲಿ ಚರ್ಮದ ಅಡಿಯಲ್ಲೇ ಮೇಲೇರಿ ಬಂದು ಒಳಗೆ ಮುಗಿಸುತ್ತಾರೆ. ಹೊರಗೆ ಗಂಟು ಕಾಣುವುದಿಲ್ಲ.

ವ್ಯತ್ಯಾಸ ಎಲ್ಲಿ ಬೀಳುತ್ತದೆ? ಹೆರಿಗೆಯಾದ ಮರುದಿನದಿಂದ ಗಾಯದ ಜಾಗ ಊದಿಕೊಳ್ಳುತ್ತದೆ. ಬಿಡಿ ಹೊಲಿಗೆಯಲ್ಲಿ ಪ್ರತಿ ಗಂಟಿನ ಉಂಗುರವೂ ನಿಗದಿ ಅಳತೆಯದು. ಊತ ಬಂದಾಗ ಅದು ಸಡಿಲಾಗದು, ಮಾಂಸವನ್ನು ಕಚ್ಚುತ್ತದೆ. ‘ಹೊಲಿಗೆ ಎಳೀತಾ ಇದೆ’ ಎಂದು ಬಾಣಂತಿಯರು ಹೇಳುವುದು ಇದನ್ನೇ. ಒಂದೇ ಎಳೆಯ ದಾರದಲ್ಲಿ ಬಿಗಿತ ಇಡೀ ಉದ್ದಕ್ಕೂ ಹಂಚಿಹೋಗುತ್ತದೆ. ಚರ್ಮದ ಅಡಿಯಲ್ಲೇ ದಾರ ಸಾಗುವುದರಿಂದ ಅಲ್ಲಿನ ನರದ ತುದಿಗಳಿಗೆ ತೊಂದರೆಯೂ ಕಡಿಮೆ.

ಇದನ್ನು ಅಳೆದು ತೋರಿಸಿದವರು ಕ್ರಿಸ್ಟೀನ್ ಕೆಟಲ್. ವೃತ್ತಿಯಿಂದ ಸೂಲಗಿತ್ತಿ, ಇಂಗ್ಲೆಂಡಿನ ಸ್ಟೋಕ್-ಆನ್-ಟ್ರೆಂಟ್‌ನವರು, ಮುಂದೆ ಸ್ಟಾಫರ್ಡ್‌ಶೈರ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾದವರು. ಅವರ ತಂಡ 1542 ಮಹಿಳೆಯರ ಮೇಲೆ ನಡೆಸಿದ ಅಧ್ಯಯನ 2002ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಹತ್ತನೇ ದಿನಕ್ಕೆ ನೋವಿದೆ ಎಂದವರು ಬಿಡಿ ಹೊಲಿಗೆಯವರಲ್ಲಿ ಶೇ 44, ಒಂದೇ ಎಳೆಯ ಹೊಲಿಗೆಯವರಲ್ಲಿ ಶೇ 26.5. ಆರು ಜನಕ್ಕೆ ಹೀಗೆ ಹೊಲಿದರೆ ಒಬ್ಬಳು ಆ ನೋವಿನಿಂದ ಪಾರು ಎಂದಾಯಿತು. ಯಾವ ಹೊಸ ಔಷಧವೂ ಇಲ್ಲ, ಯಂತ್ರವೂ ಇಲ್ಲ. ಅದೇ ಸೂಜಿ, ಕೈಯ ಚಲನೆ ಮಾತ್ರ ಬೇರೆ. 2012ರಲ್ಲಿ ಹದಿನಾರು ಅಧ್ಯಯನಗಳ, ಎಂಟು ಸಾವಿರಕ್ಕೂ ಹೆಚ್ಚು ಮಹಿಳೆಯರ ಮಾಹಿತಿ ಒಟ್ಟುಗೂಡಿಸಿದ ಕಾಕ್ರೇನ್ ಪರಾಮರ್ಶೆಯೂ ಅದನ್ನೇ ಹೇಳಿತು: ಮೊದಲ ಹತ್ತು ದಿನಗಳ ನೋವು ಕಡಿಮೆ, ನೋವಿನ ಮಾತ್ರೆ ಕಡಿಮೆ, ದಾರ ಕಿತ್ತುಹಾಕಬೇಕಾಗುವ ಪ್ರಸಂಗವೂ ಕಡಿಮೆ. ದಾರದ ಖರ್ಚೂ ಇಳಿಯುತ್ತದೆ. ಬಿಡಿ ಹೊಲಿಗೆಗೆ ಎರಡು ಮೂರು ಪ್ಯಾಕೆಟ್ ಬೇಕಾದರೆ ಇದಕ್ಕೆ ಒಂದು ಸಾಕು.

ಎಲ್ಲ ಅಧ್ಯಯನಗಳೂ ಒಂದೇ ದನಿಯಲ್ಲಿ ಹೇಳಿಲ್ಲ. ಡೆನ್ಮಾರ್ಕಿನಲ್ಲಿ ಸೂಲಗಿತ್ತಿಯರೇ ಹೊಲಿದ ಸುಮಾರು 400 ಮಹಿಳೆಯರ ಅಧ್ಯಯನದಲ್ಲಿ (2008) ಎರಡೂ ಕ್ರಮಗಳ ನಡುವೆ ನೋವಿನಲ್ಲಿ ವ್ಯತ್ಯಾಸ ಬರಲಿಲ್ಲ. ಸಮಯ ಮತ್ತು ದಾರ ಉಳಿಯಿತು. ಅಲ್ಲಿ ಎರಡೂ ಗುಂಪಿನಲ್ಲಿ ಚರ್ಮವನ್ನು ಹೊಲಿಯದೆ ಬಿಟ್ಟಿದ್ದರು. ನನಗೆ ಈ ಅಧ್ಯಯನ ಕೆಟಲ್ ಅವರದನ್ನು ಸುಳ್ಳು ಮಾಡುವುದಕ್ಕಿಂತ ನೋವಿನ ಮೂಲ ಎಲ್ಲಿದೆ ಎಂದು ತೋರಿಸುವಂತೆ ಕಾಣುತ್ತದೆ: ಕಾಟ ಕೊಡುವುದು ಹೆಚ್ಚಾಗಿ ಚರ್ಮದ ಮೇಲಿನ ಗಂಟುಗಳೇ. ಇಂಗ್ಲೆಂಡಿನ ಇಪ್ಸ್‌ವಿಚ್‌ನಲ್ಲಿ 1780 ಮಹಿಳೆಯರ ಮೇಲೆ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನ ಇದೇ ದಿಕ್ಕಿನದು. ಒಳಪದರ ಮತ್ತು ಸ್ನಾಯು ಹೊಲಿದು ಚರ್ಮವನ್ನು ಹಾಗೇ ಬಿಟ್ಟವರಲ್ಲಿ ಮೊದಲ ದಿನಗಳಲ್ಲಿ ಗಾಯ ಸ್ವಲ್ಪ ಬಾಯಿ ತೆರೆದಂತೆ ಕಂಡರೂ, ಮೂರು ತಿಂಗಳಿಗೆ ಲೈಂಗಿಕ ಸಂಪರ್ಕದ ವೇಳೆಯ ನೋವು ಕಡಿಮೆಯಿತ್ತು. ಸ್ನಾಯು ಹೊಲಿದ ಮೇಲೆ ಚರ್ಮ ತಾನಾಗಿ ಕೂಡಿಕೊಂಡರೆ ಅದಕ್ಕೆ ಹೊಲಿಗೆ ಬೇಡ ಎಂದು ನೈಸ್ ಹೇಳುವುದು ಈ ಬಗೆಯ ಸಾಕ್ಷ್ಯದ ಬಲದಿಂದ. ಲೈಂಗಿಕ ಸಂಪರ್ಕದ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡಬೇಕು: ‘ಬಿಗಿ’ ಆಗಲಿ ಎಂದು ಒಂದು ಹೊಲಿಗೆ ಹೆಚ್ಚಿಗೆ ಹಾಕುವುದು ಚಿಕಿತ್ಸೆಯಲ್ಲ. ಅದಕ್ಕೆ ಯಾವ ವೈದ್ಯಕೀಯ ಆಧಾರವೂ ಇಲ್ಲ, ಅದರಿಂದ ಸಿಗುವುದು ನೋವು ಮಾತ್ರ.

ದಾರದ ಕತೆ ಇನ್ನೂ ಸ್ವಾರಸ್ಯದ್ದು. ಕ್ಯಾಟ್‌ಗಟ್ ದಾರ ಮಾಡುವುದು ಕುರಿ ಅಥವಾ ದನದ ಕರುಳಿನ ಪದರದಿಂದ. ಬೇಗ ಕರಗದಿರಲಿ ಎಂದು ಕ್ರೋಮಿಯಂ ಲವಣದಲ್ಲಿ ಅದ್ದಿದರೆ ಅದು ಕ್ರೋಮಿಕ್ ಕ್ಯಾಟ್‌ಗಟ್. ದೇಹ ಇದನ್ನು ಹೊರಗಿನ ಪ್ರೋಟೀನ್ ಎಂದೇ ಪರಿಗಣಿಸಿ ಉರಿಯೂತದ ಮೂಲಕ ಕರಗಿಸುತ್ತದೆ. ಹುಚ್ಚು ಹಸು ರೋಗದ ಭಯದಿಂದ ಬ್ರಿಟನ್ ಮತ್ತು ಯುರೋಪಿನ ಹಲವು ದೇಶಗಳು 2000ದ ದಶಕದ ಆರಂಭದಲ್ಲೇ ಇದನ್ನು ಕೈಬಿಟ್ಟವು. ನಮ್ಮಲ್ಲಿ ಇನ್ನೂ ಬಳಕೆಯಲ್ಲಿದೆ.

ಕೃತಕ ದಾರಗಳು, ಮುಖ್ಯವಾಗಿ ಪಾಲಿಗ್ಲಾಕ್ಟಿನ್, ಇದಕ್ಕೆ ಬದಲಿ. ನಮ್ಮ ವೈದ್ಯರು, ನರ್ಸುಗಳು ಇದನ್ನು ವಿಕ್ರಿಲ್ ಎಂಬ ಬ್ರ್ಯಾಂಡ್ ಹೆಸರಿನಿಂದಲೇ ಕರೆಯುವುದು. ಇವು ನೀರಿನಂಶದೊಂದಿಗೆ ಬೆರೆತು ಕರಗುತ್ತವೆ, ಉರಿಯೂತ ಕಡಿಮೆ. 2010ರ ಕಾಕ್ರೇನ್ ಪರಾಮರ್ಶೆ ಹದಿನೆಂಟು ಅಧ್ಯಯನ, ಹತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಒಳಗೊಂಡಿತ್ತು. ಕ್ಯಾಟ್‌ಗಟ್‌ಗೆ ಹೋಲಿಸಿದರೆ ಕೃತಕ ದಾರ ಹಾಕಿಸಿಕೊಂಡವರಲ್ಲಿ ಮೊದಲ ಮೂರು ದಿನದ ನೋವು ಕಡಿಮೆ, ಮಾತ್ರೆಯ ಅಗತ್ಯವೂ ಕಡಿಮೆ ಎಂಬುದು ಅದರ ಸಾರ. ಒಂದು ತೊಡಕಿತ್ತು. ಸಾಮಾನ್ಯ ಪಾಲಿಗ್ಲಾಕ್ಟಿನ್ ಪೂರ್ತಿ ಕರಗಲು ಎಂಟರಿಂದ ಹತ್ತು ವಾರ ಹಿಡಿಯುತ್ತದೆ. ಗಾಯ ಎಂದೋ ಮಾಗಿರುತ್ತದೆ, ದಾರದ ತುದಿ ಚುಚ್ಚುತ್ತಲೇ ಇರುತ್ತದೆ. ಕೆಟಲ್ ಅವರ ಅಧ್ಯಯನದಲ್ಲಿ ಸಾಮಾನ್ಯ ದಾರ ಬಳಸಿದವರಲ್ಲಿ ಶೇ 13ರಷ್ಟು ಮಂದಿಗೆ ಮೂರು ತಿಂಗಳೊಳಗೆ ದಾರ ತೆಗೆಸಬೇಕಾಯಿತು. ಬೇಗ ಕರಗುವ ಬಗೆಯದ್ದರಲ್ಲಿ ಅದು ಶೇ 3 ಮಾತ್ರ. ಬೇಗ ಕರಗುವುದು ಅಂದರೆ ಅದೇ ಪಾಲಿಗ್ಲಾಕ್ಟಿನ್‌ಗೆ ವಿಕಿರಣ ಹಾಯಿಸಿ ಅದರ ಎಳೆಯನ್ನು ಸ್ವಲ್ಪ ದುರ್ಬಲ ಮಾಡಿದ್ದು. ಹತ್ತು ಹದಿನಾಲ್ಕು ದಿನಕ್ಕೆ ಬಿಗಿತ ಬಿಡುತ್ತದೆ, ಆರು ವಾರಕ್ಕೆ ಮಾಯ. ಪೆರಿನಿಯಂ ಗಾಯಕ್ಕೆ ಬೇಕಾದ್ದೂ ಅಷ್ಟೇ.

ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿ ಕ್ಯಾಟ್‌ಗಟ್ಟನ್ನು ನಿಷೇಧಿಸಿಲ್ಲ. ಕೃತಕ ದಾರ ಉತ್ತಮ, ಕ್ರೋಮಿಕ್ ಕ್ಯಾಟ್‌ಗಟ್ ಒಪ್ಪಬಹುದು, ಆದರೆ ಆದರ್ಶವಲ್ಲ ಎಂಬ ಧಾಟಿ ಅದರದ್ದು. ನಮ್ಮ ಖರೀದಿ ವ್ಯವಸ್ಥೆ ಈ ವಾಕ್ಯದ ಎರಡನೇ ಭಾಗವನ್ನಷ್ಟೇ ಓದಿಕೊಂಡಂತಿದೆ. ಪ್ಯಾಕೆಟ್ಟಿನ ಬೆಲೆ ನೋಡಿ ಇಂಡೆಂಟ್ ಹಾಕುವವರಿಗೆ ಕ್ಯಾಟ್‌ಗಟ್ ಅಗ್ಗ. ಹೆಚ್ಚುವರಿ ಮಾತ್ರೆ, ಮತ್ತೆ ಆಸ್ಪತ್ರೆಗೆ ಓಡಾಟ, ಮತ್ತೆ ಹೊಲಿಗೆ ಇವೆಲ್ಲ ಇನ್ನೊಂದು ಖಾತೆಗೆ, ಅದರಲ್ಲೂ ಹೆಚ್ಚಿನ ಪಾಲು ಬಾಣಂತಿಯ ಮನೆಯವರ ಖಾತೆಗೆ ಹೋಗುತ್ತವೆ. ಮೇಲಾಗಿ ಬಿಡಿ ಹೊಲಿಗೆಗೆ ಎರಡು ಮೂರು ಪ್ಯಾಕೆಟ್ ಕ್ಯಾಟ್‌ಗಟ್ ಬಳಸುವ ಕಡೆ, ಒಂದೇ ಎಳೆಯ ಹೊಲಿಗೆಗೆ ಬದಲಾದರೆ ಒಳ್ಳೆಯ ದಾರದ ಒಂದು ಪ್ಯಾಕೆಟ್ ಕೊಳ್ಳುವುದು ಅಷ್ಟೇನೂ ಹೊರೆಯಲ್ಲ. ದಾರ ಮತ್ತು ವಿಧಾನ ಎರಡನ್ನೂ ಒಟ್ಟಿಗೆ ಬದಲಿಸಿದರೆ ಮಾತ್ರ ಈ ಲೆಕ್ಕ ಕೂಡುತ್ತದೆ.

ಅಂಟಿನ ವಿಷಯವೂ ಈಗ ಕೇಳಿಬರುತ್ತಿದೆ. ಸಯನೋಅಕ್ರಿಲೇಟ್ ಎಂಬ ವೈದ್ಯಕೀಯ ಅಂಟು, ಮಕ್ಕಳ ಹಣೆಯ ಗಾಯಕ್ಕೆ ಹಚ್ಚುವಂಥದ್ದು, ಮೊದಲ ದರ್ಜೆಯ ಗಾಯಕ್ಕೂ ಒದಗೀತೇ? ಇಸ್ರೇಲಿನಲ್ಲಿ 102 ಮಹಿಳೆಯರ ಮೇಲೆ ನಡೆದ ಅಧ್ಯಯನದಲ್ಲಿ (2014) ಅಂಟು ಹಚ್ಚಿದ ಗಾಯಗಳು ಹೊಲಿಗೆಯಷ್ಟೇ ಚೆನ್ನಾಗಿ ಮಾಗಿದವು, ಕೆಲಸ ಬೇಗ ಮುಗಿಯಿತು, ನೋವು ಕಡಿಮೆ, ಮರಗಟ್ಟಿಸುವ ಇಂಜೆಕ್ಷನ್ನಿನ ಅಗತ್ಯವೂ ಕಡಿಮೆಯಾಯಿತು. ಸಂಖ್ಯೆ ಸಣ್ಣದು. ಅಂಟು ಹಿಡಿಯುವುದು ಒಣಗಿದ ಚರ್ಮಕ್ಕೆ ಮಾತ್ರ, ಸ್ನಾಯುವನ್ನು ಅದು ಕೂಡಿಸಲಾರದು. ರಕ್ತಸ್ರಾವ ಹರಿಯುತ್ತಲೇ ಇರುವ ಜಾಗದಲ್ಲಿ ಒಣಗಿಸಿ ಹಚ್ಚುವುದಕ್ಕೆ ಕೈ ಪಳಗಬೇಕು. ಹಾಗಾಗಿ ಸದ್ಯಕ್ಕೆ ಇದು ಆಸೆ ಹುಟ್ಟಿಸುವ ಸಾಧ್ಯತೆ, ಹೊಲಿಗೆಗೆ ಪರ್ಯಾಯವಲ್ಲ.

ನನ್ನನ್ನು ಕೇಳಿದರೆ ದಾರ, ಅಂಟು, ಗಂಟು ಎಲ್ಲಕ್ಕಿಂತ ಮೊದಲು ಸರಿಯಾಗಬೇಕಾದ್ದು ಮರಗಟ್ಟಿಸುವ ವಿಷಯ. ‘ಹೆರಿಗೆ ನೋವನ್ನೇ ತಡ್ಕೊಂಡೆ, ಇದೊಂದು ತಡ್ಕೊಳಕ್ಕಾಗಲ್ವಾ?’ ಎಂಬ ಮಾತನ್ನು ಕೇಳದ ತಾಯಂದಿರು ನಮ್ಮಲ್ಲಿ ಕಡಿಮೆ. ಇಂಜೆಕ್ಷನ್ ಕೊಟ್ಟರೂ ಅದು ಹಿಡಿಯುವ ಮೊದಲೇ ಸೂಜಿ ಚುಚ್ಚುವುದು ಇನ್ನೂ ಸಾಮಾನ್ಯ. ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿಯಲ್ಲಿ ಇದಕ್ಕೊಂದು ಸರಳ ಕ್ರಮವಿದೆ: ಮರಗಟ್ಟಿಸುವ ಔಷಧ ಲಿಗ್ನೋಕೇನ್ ಕೊಟ್ಟು ಎರಡು ನಿಮಿಷ ಕಾಯಿರಿ. ಇಕ್ಕಳದಿಂದ ಆ ಜಾಗವನ್ನು ಚಿವುಟಿ. ಗೊತ್ತಾಯಿತು ಎಂದರೆ ಇನ್ನೆರಡು ನಿಮಿಷ ಕಾದು ಮತ್ತೆ ಚಿವುಟಿ. ಎರಡೂ ಸೇರಿ ನಾಲ್ಕು ನಿಮಿಷ. ಪ್ರಮಾಣದ್ದೂ ಲೆಕ್ಕವಿದೆ. ಕೈಪಿಡಿ ಶಿಫಾರಸು ಮಾಡುವುದು ಶೇ 0.5ರ ದ್ರಾವಣವನ್ನು, ಮಿತಿ ಪ್ರತಿ ಕೆಜಿಗೆ 4 ಮಿಲಿಗ್ರಾಂ. ನಮ್ಮಲ್ಲಿ ಕೈಗೆ ಸುಲಭವಾಗಿ ಸಿಗುವ ವಯಲ್ ಶೇ 2ರದ್ದು. 50 ಕೆಜಿ ತೂಕದ ತಾಯಿಗೆ 200 ಮಿಲಿಗ್ರಾಂ ಮಿತಿಯಾದರೆ, ಶೇ 2ರ ದ್ರಾವಣದಲ್ಲಿ ಹತ್ತೇ ಮಿಲಿಲೀಟರಿಗೆ ಅದು ಮುಗಿಯುತ್ತದೆ. ಅದನ್ನೇ ತೆಳುಮಾಡಿ ಶೇ 0.5ಕ್ಕೆ ತಂದರೆ ನಲವತ್ತು ಮಿಲಿಲೀಟರ್ ಸಿಗುತ್ತದೆ. ‘ಡೋಸ್ ಜಾಸ್ತಿ ಆಗುತ್ತೆ’ ಎಂದು ಅರೆಬರೆ ಮರಗಟ್ಟಿಸಿ ಹೊಲಿಯುವ ಅಗತ್ಯವೇ ಇಲ್ಲ. ಸಿಸೇರಿಯನ್ ಬೇಕೆಂದು ತಾವಾಗಿ ಕೇಳುವ ಹೆಣ್ಣುಮಕ್ಕಳನ್ನು ‘ನೋವು ತಡೆಯಲಾರದವರು’ ಎಂದು ಹೀಗಳೆಯುವವರು, ಅಕ್ಕನೋ ಅತ್ತಿಗೆಯೋ ಈ ಟೇಬಲ್ಲಿನ ಮೇಲೆ ಅನುಭವಿಸಿದ್ದನ್ನು ಕೇಳಿಯೇ ಅವರು ಹೆದರಿರಬಹುದು ಎಂದು ಯೋಚಿಸಿದರೆ ಒಳ್ಳೆಯದು.

ಹೊಲಿಗೆ ಮುಗಿದ ಮೇಲೆ ಎಣಿಕೆಯಾಗಬೇಕು. ಗಾಜ್ (ರಕ್ತ ಒರೆಸುವ ತೆಳು ಬಟ್ಟೆ) ತುಂಡುಗಳು ಎಷ್ಟು ಒಳಹೋದವು, ಎಷ್ಟು ಹೊರಬಂದವು, ಸೂಜಿ ಎಲ್ಲಿ. ರಕ್ತ ಕಾಣದಿರಲಿ ಎಂದು ಒಳಗಿಟ್ಟ ಗಾಜ್ ಮರೆತುಹೋಗಿ ವಾರದ ಬಳಿಕ ದುರ್ವಾಸನೆ, ಜ್ವರದೊಂದಿಗೆ ಪತ್ತೆಯಾಗುವುದು ಎಲ್ಲ ದೇಶಗಳಲ್ಲೂ ನಡೆಯುವ ಅವಘಡ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಇದನ್ನು ಎಂದಿಗೂ ಆಗಕೂಡದ ಘಟನೆಗಳ ಪಟ್ಟಿಯಲ್ಲೇ ಇಟ್ಟಿದೆ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಗಾಯ ಬಾಣಂತನದ ಕೈಗೆ ಸಿಗುತ್ತದೆ. ಅಲ್ಲಿ ಒಂದು ಸಣ್ಣ ಜಗಳ ಕಾದಿದೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ಮಾರ್ಗಸೂಚಿ, ಗಾಯದ ನೋವಿಗೆ ಮೊದಲ ದಿನಗಳಲ್ಲಿ ಐಸ್ ಪ್ಯಾಕ್‌ನಂಥ ತಂಪು ಕೊಡಬಹುದು, ನುಂಗಲು ಪ್ಯಾರಾಸಿಟಮಾಲ್ ಮೊದಲ ಆಯ್ಕೆ ಅನ್ನುತ್ತದೆ. ನಮ್ಮ ಮನೆಗಳಲ್ಲಿ ಬಾಣಂತಿಗೆ ಥಂಡಿ ಅಂದರೆ ಆಗದು: ಕುದಿನೀರಿನ ಸ್ನಾನ, ಹೊಗೆ, ಉತ್ತರ ಕರ್ನಾಟಕದ ಕಡೆ ಹೊರಸಿನ ಕೆಳಗೆ ಕೆಂಡ. ಐಸ್ ಹಚ್ಚಿದ್ದು ಅಜ್ಜಿಗೆ ಗೊತ್ತಾದರೆ ಮುಗಿಯಿತು. ಐಸ್‌ಗಾಗಿ ಹಟ ಹಿಡಿಯುವ ಅಗತ್ಯವಿಲ್ಲ ಎಂಬುದು ನನ್ನ ಅಭಿಪ್ರಾಯ. ಅದರ ಪರವಾದ ಸಾಕ್ಷ್ಯ ಅಷ್ಟೇನೂ ಗಟ್ಟಿಯಲ್ಲ, ತಾಯಿಗೆ ಹಿತವಾದರೆ ಮಾಡಿ ಎಂಬಷ್ಟೇ ಸಲಹೆ ಅದು. ಹಟ ಹಿಡಿಯಬೇಕಾದ್ದು ನೀರಿಗೆ. ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತದೆ, ಸೊಪ್ಪು ತರಕಾರಿ ತಿಂದರೆ ಮಗುವಿಗೆ ಶೀತ ಎಂದು ಒಣ ಅನ್ನ, ಬಾಣಂತಿ ಖಾರ, ತುಪ್ಪದಲ್ಲೇ ದಿನ ನೂಕುವ ಮನೆಗಳಲ್ಲಿ ಮಲಬದ್ಧತೆ ಖಾತ್ರಿ. ಎಷ್ಟೇ ಒಳ್ಳೆಯ ದಾರದಲ್ಲಿ ಹೊಲಿದಿರಲಿ, ಶೌಚದಲ್ಲಿ ತಿಣುಕಿದರೆ ಅದರ ಪೆಟ್ಟು ನೇರ ಹೊಲಿಗೆಯ ಮೇಲೆ. ಇದರ ಜೊತೆಗೆ ರಕ್ತಹೀನತೆ; ನಮ್ಮ ರಾಜ್ಯದ ಗರ್ಭಿಣಿಯರಲ್ಲಿ ಅರ್ಧಕ್ಕೆ ಹತ್ತಿರದಷ್ಟು ಮಂದಿಗೆ ಅದಿದೆ. ರಕ್ತ ಕಡಿಮೆಯಿರುವ ಮೈಯಲ್ಲಿ ಗಾಯ ನಿಧಾನವಾಗಿ ಮಾಗುತ್ತದೆ.

ದಿನಕ್ಕೊಮ್ಮೆಯಾದರೂ ಶುದ್ಧ ನೀರಿನಲ್ಲಿ ತೊಳೆದು ಒತ್ತಿ ಒರೆಸುವುದು, ಪ್ಯಾಡ್ ಆಗಾಗ ಬದಲಿಸುವುದು, ಬೂದಿ, ಅರಿಶಿನ, ಎಣ್ಣೆ ಹಚ್ಚದಿರುವುದು, ಇಷ್ಟು ಸಾಕು. ಮೊದಲೆರಡು ದರ್ಜೆಯ ಗಾಯಕ್ಕೆ ಸುಮ್ಮಸುಮ್ಮನೆ ಆ್ಯಂಟಿಬಯಾಟಿಕ್ ಬೇಡ ಎಂಬುದೂ ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಮೂರು, ನಾಲ್ಕನೇ ದರ್ಜೆಗೆ ಬೇಕು. ಕೀವು, ಕೆಟ್ಟ ವಾಸನೆ, ಜ್ವರ, ಕಡಿಮೆಯಾಗುವ ಬದಲು ಏರುತ್ತಿರುವ ನೋವು, ಹೊಲಿಗೆ ಬಿಟ್ಟು ಗಾಯ ತೆರೆದುಕೊಳ್ಳುವುದು, ಮಲ ಅಥವಾ ಗಾಳಿ ತಡೆಯಲಾಗದಿರುವುದು, ಇವುಗಳಲ್ಲಿ ಒಂದು ಕಂಡರೂ ನಲವತ್ತು ದಿನ ತುಂಬಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು.

ಆಶಾ ಕಾರ್ಯಕರ್ತೆಯರು ಆಸ್ಪತ್ರೆ ಹೆರಿಗೆಯಾದ ಮನೆಗೆ 3, 7, 14, 21, 28 ಮತ್ತು 42ನೇ ದಿನ ಭೇಟಿ ಕೊಡಬೇಕೆಂಬ ನಿಯಮವಿದೆ. ಮಗುವಿನ ತೂಕ, ಮೈಬಿಸಿ, ಹೊಕ್ಕುಳು ಎಲ್ಲವನ್ನೂ ನೋಡುತ್ತಾರೆ. ಏಳನೇ ಮತ್ತು ಹದಿನಾಲ್ಕನೇ ದಿನ ‘ಅಕ್ಕಾ, ಹೊಲಿಗೆ ಹೇಗಿದೆ, ಕೂರಕ್ಕಾಗುತ್ತಾ, ಶೌಚಕ್ಕೆ ಸಲೀಸಾಗಿ ಹೋಗ್ತೀಯಾ?’ ಎಂದು ಮೂರೇ ಪ್ರಶ್ನೆ ಹೆಚ್ಚಿಗೆ ಕೇಳಿದರೆ ಈ ರಾಜ್ಯದಲ್ಲಿ ಪೆರಿನಿಯಂ ನೋವಿನ ಮೊದಲ ಲೆಕ್ಕ ಶುರುವಾಗುತ್ತದೆ. ಅತ್ತೆ ಕೋಣೆಯಲ್ಲಿದ್ದರೆ ಬಾಣಂತಿ ಬಾಯಿ ಬಿಡುವುದಿಲ್ಲ ಎಂಬುದು ಆಶಾಗಳಿಗೆ ನಮಗಿಂತ ಚೆನ್ನಾಗಿ ಗೊತ್ತು.

ಹೊಲಿಯುವವರ ಮಾತು ಉಳಿಯಿತು. ದೊಡ್ಡಾಸ್ಪತ್ರೆಗಳಲ್ಲಿ ಸೂಜಿ ಹಿಡಿಯುವುದು ಹೌಸ್ ಸರ್ಜನ್ ಅಥವಾ ಪಿ.ಜಿ. ವಿದ್ಯಾರ್ಥಿ, ಸಣ್ಣ ಕಡೆ ಸ್ಟಾಫ್ ನರ್ಸ್. ಕಲಿಕೆ ನಡೆಯುವುದು ಹಿರಿಯರು ಮಾಡುವುದನ್ನು ನೋಡಿ. ಹಿರಿಯರು ಬಿಡಿ ಹೊಲಿಗೆಯವರಾದರೆ ಮುಂದಿನ ಮೂವತ್ತು ವರ್ಷವೂ ಬಿಡಿ ಹೊಲಿಗೆಯೇ. ಬ್ರಿಟನ್ನಿನ 22 ಹೆರಿಗೆ ಆಸ್ಪತ್ರೆಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪರ್ಲ್ಸ್ ಅಧ್ಯಯನ, ಸಿಬ್ಬಂದಿಗೆ ಪರೀಕ್ಷೆ ಮತ್ತು ಹೊಲಿಗೆಯ ತರಬೇತಿ ಕೊಟ್ಟು ಏನಾಗುತ್ತದೆ ಎಂದು ನೋಡಿತು. ಹತ್ತು ಹನ್ನೆರಡನೇ ದಿನದ ನೋವಿನಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಬರಲಿಲ್ಲ. ಆದರೆ ಸರಿಯಾದ ಕ್ರಮ ಪಾಲಿಸುವುದು ಹೆಚ್ಚಿತು, ಸೋಂಕಾಗಿದೆ ಎಂದವರೂ ಹೊಲಿಗೆ ತೆಗೆಸಿಕೊಂಡವರೂ ಕಡಿಮೆಯಾದರು. ತರಬೇತಿಯಿಂದ ಎಲ್ಲವೂ ಆಗದು, ಆದರೆ ತಕ್ಕಮಟ್ಟಿಗೆ ಆಗುತ್ತದೆ ಎಂದು ಓದಿಕೊಳ್ಳಬಹುದು. ಕೇಂದ್ರ ಸರ್ಕಾರ 2018ರಲ್ಲಿ ಘೋಷಿಸಿದ ಮಿಡ್‌ವೈಫರಿ ಯೋಜನೆಯಲ್ಲಿ ನರ್ಸುಗಳಿಗೆ ಹದಿನೆಂಟು ತಿಂಗಳ ತರಬೇತಿ ಇದೆ. ಹೆರಿಗೆಯನ್ನೇ ವೃತ್ತಿಯಾಗಿ ಮಾಡಿಕೊಂಡವರು ಹೊಲಿಗೆಯನ್ನೂ ಕಲಿತರೆ, ಡ್ಯೂಟಿ ಬದಲಾದಂತೆ ಬಂದುಹೋಗುವ ಕೈಗಳಿಗಿಂತ ಅದು ಮೇಲು. ಕತ್ತರಿಯ ಬಗ್ಗೆಯೂ ಅವರಿಂದ ಹೆಚ್ಚು ನಿರೀಕ್ಷಿಸಬಹುದು: ಎಲ್ಲರಿಗೂ ರೂಢಿಯಂತೆ ಎಪಿಸಿಯಾಟಮಿ ಮಾಡಬಾರದು, ಮಗುವಿನ ತಲೆ ಕಾಣುವ ಹೊತ್ತಿಗೆ ಬೆಚ್ಚನೆ ಬಟ್ಟೆ ಒತ್ತುವುದು, ಕೈಯಾಸರೆ ಕೊಡುವುದು ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ. ಕತ್ತರಿ ಹಾಕದಿದ್ದರೆ ಹೊಲಿಯಬೇಕಾದ ಗಾಯಗಳಲ್ಲಿ ಒಂದು ಪಾಲು ಹುಟ್ಟುವುದೇ ಇಲ್ಲ.

ಕೊನೆಯದು ಕಾಗದದ ವಿಷಯ. ಡಿಸ್ಚಾರ್ಜ್ ಚೀಟಿಯಲ್ಲಿ ನಮ್ಮವರು ಬರೆಯುವುದು ನಾಲ್ಕಕ್ಷರ: ಎಫ್‌ಟಿಎನ್‌ಡಿ, ಅಂದರೆ ದಿನ ತುಂಬಿದ ಸಹಜ ಹೆರಿಗೆ. ಗಾಯವಾಗಿದ್ದರೆ ಅದರ ದರ್ಜೆ, ದಾರದ ಹೆಸರು, ಹೊಲಿದ ರೀತಿ, ಗುದಪರೀಕ್ಷೆ ಮಾಡಿದ್ದಾರೋ ಇಲ್ಲವೋ, ಹೊಲಿದವರ ಸಹಿ, ಇಷ್ಟನ್ನು ಎರಡು ಸಾಲಿನಲ್ಲಿ ಬರೆಯಬಹುದು. ತಾಯಿ ಕಾರ್ಡಿನಲ್ಲೂ ಅದಕ್ಕೊಂದು ಜಾಗ ಮಾಡಬಹುದು. ಎರಡನೇ ಬಸುರಿಯಲ್ಲಿ ಬೇರೆ ಆಸ್ಪತ್ರೆಗೆ ಹೋದಾಗ ಅಲ್ಲಿನ ವೈದ್ಯರು ‘ಹೋದ ಸಲ ಎಷ್ಟು ಹರಿದಿತ್ತು?’ ಎಂದು ಕೇಳುತ್ತಾರೆ. ಮೊದಲೆರಡು ದರ್ಜೆಯಾದರೆ ಸಾಮಾನ್ಯವಾಗಿ ನಿಶ್ಚಿಂತೆಯಿಂದ ಸಹಜ ಹೆರಿಗೆಗೆ ಹೋಗಬಹುದು, ಮೂರನೆಯದಾದರೆ ಲೆಕ್ಕಾಚಾರ ಬೇರೆ. ಈಗ ಆ ಪ್ರಶ್ನೆಗೆ ತಾಯಿಯ ಬಳಿ ಇರುವ ಉತ್ತರ ‘ಐದು ಹೊಲಿಗೆ ಹಾಕಿದ್ರು ಡಾಕ್ಟ್ರೇ’ ಎಂಬುದೊಂದೇ.